ಎಲ್ ಫಾಶೆರ್‌ನಿಂದ ಹೊರಬಂದವರು, ಅಲ್ಲೇ ಉಳಿದವರು

2023ರ ಏಪ್ರಿಲ್ ಮೂರನೇ ವಾರ. ಕರ್ನಾಟಕದಲ್ಲಿ ವಿಧಾನಸಭಾ ಚುನಾವಣೆಯ ಕಾವು ಏರಿತ್ತು. ಆ ಗದ್ದಲದ ನಡುವೆ ಎಲ್ ಫಾಶೆರ್ ಎಂಬ ಊರಿನ ಹೆಸರು ನಮ್ಮ ಸುದ್ದಿಗಳಲ್ಲಿ ಕೇಳಿಬಂತು. ಸುಡಾನ್‌ನ ಪಶ್ಚಿಮದಲ್ಲಿ, ಡಾರ್ಫುರ್ ಸೀಮೆಯಲ್ಲಿರುವ ಊರು ಅದು. ಉತ್ತರ ಡಾರ್ಫುರ್ ರಾಜ್ಯದ ರಾಜಧಾನಿ. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಔಷಧ ಮಾರಿಕೊಂಡು ನಾಲ್ಕು ಕಾಸು ಸಂಪಾದಿಸಲು ಅಷ್ಟು ದೂರ ಹೋಗಿದ್ದರು. ಏಪ್ರಿಲ್ 15ರಂದು ಸುಡಾನ್ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು; ಇವರು ಅಲ್ಲೇ ಸಿಕ್ಕಿಬಿದ್ದರು. ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಸುಡಾನ್‌ನಲ್ಲಿ ಊಟಕ್ಕೂ ಪರದಾಡುತ್ತಿದ್ದಾರೆ ಎಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಸಿಟ್ಟಾದರು: ಇದರಲ್ಲಿ ರಾಜಕೀಯ ಬೇಡ, ಅಲ್ಲಿರುವ ಭಾರತೀಯರು ಎಲ್ಲಿದ್ದಾರೆ ಎಂಬುದನ್ನು ಭದ್ರತೆಯ ಕಾರಣಕ್ಕೆ ಬಹಿರಂಗಪಡಿಸುವಂತಿಲ್ಲ ಎಂದರು. ಆ ವಾಕ್ಸಮರ ಈಗ ಯಾರಿಗೂ ನೆನಪಿಲ್ಲ. ಹಕ್ಕಿಪಿಕ್ಕಿಗಳು ಮನೆ ಸೇರಿದರು. ‘ಆಪರೇಷನ್ ಕಾವೇರಿ’ಯಲ್ಲಿ ಒಟ್ಟು 3,862 ಮಂದಿಯನ್ನು ಭಾರತ ಸುಡಾನ್‌ನಿಂದ ಹೊರತಂದಿತು.

ಎರಡೂವರೆ ವರ್ಷದ ಬಳಿಕ, 2025ರ ಅಕ್ಟೋಬರ್ 26ರಂದು, ಅದೇ ಎಲ್ ಫಾಶೆರ್ ಆರ್‌ಎಸ್‌ಎಫ್ ಕೈವಶವಾಯಿತು. ಐನೂರು ದಿನಕ್ಕೂ ಮೀರಿದ ಮುತ್ತಿಗೆ ಅದು. ಊರು ಬೀಳುವ ಮೊದಲು ಒಳಗೆ ಸುಮಾರು 2.6 ಲಕ್ಷ ಜನ ಸಿಲುಕಿದ್ದಾರೆ, ಅರ್ಧದಷ್ಟು ಮಕ್ಕಳು ಎಂದು ವಿಶ್ವಸಂಸ್ಥೆ ಹೇಳುತ್ತಲೇ ಇತ್ತು. ಬಿದ್ದ ಮೇಲೆ ಮನೆಮನೆಗೆ ನುಗ್ಗಿ ಕೊಂದ, ಓಡಿಹೋಗುವವರನ್ನು ಅಡ್ಡಗಟ್ಟಿ ಕೊಂದ ವರದಿಗಳು ಒಂದರ ಹಿಂದೆ ಒಂದು ಬಂದವು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯೊಂದರಲ್ಲೇ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿ ಹತರಾದರೆಂಬ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಮುಂದಿಟ್ಟಿತು.

ಊರು ಒಂದೇ, ಯುದ್ಧವೂ ಒಂದೇ. ಅಲ್ಲಿದ್ದ ಕನ್ನಡ ನಾಡಿನ ಜನರನ್ನು ಮನೆ ಮುಟ್ಟಿಸಿದ ರಾಜತಾಂತ್ರಿಕತೆಗೆ ಆ ಊರಿನವರನ್ನೇ ಉಳಿಸಿಕೊಳ್ಳಲು ಯಾಕೆ ಆಗಲಿಲ್ಲ? ಬೆರಳೆಣಿಕೆಯ ಪರದೇಶದವರನ್ನು ಬಸ್ಸು ಹತ್ತಿಸುವುದೂ ಲಕ್ಷಗಟ್ಟಲೆ ಜನರ ಊರನ್ನು ಕಾಯುವುದೂ ಒಂದೇ ತೂಕದ ಕೆಲಸವಲ್ಲ, ನಿಜ. ಆದರೆ ಎರಡಕ್ಕೂ ಬೇಕಾಗುವ ಸಲಕರಣೆ ಬಹುಪಾಲು ಒಂದೇ. ಒಂದು ಕಡೆ ಅದು ಕೆಲಸ ಮಾಡಿತು, ಇನ್ನೊಂದು ಕಡೆ ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಯುದ್ಧದಲ್ಲಿ ನಾಗರಿಕರನ್ನು ಕಾಪಾಡುವುದರಲ್ಲಿ ರಾಜತಾಂತ್ರಿಕರ ಪಾತ್ರವೇನು ಎಂದು ತಿಳಿಯಬೇಕಾದರೆ ಈ ವ್ಯತ್ಯಾಸವನ್ನು ಹತ್ತಿರದಿಂದ ನೋಡಬೇಕು.

ಮೊದಲು ಕೆಲಸ ಮಾಡಿದ್ದನ್ನೇ ನೋಡೋಣ. ಸುಡಾನ್‌ನ ರಾಜಧಾನಿ ಖಾರ್ಟೂಮ್‌ನಿಂದ ಕೆಂಪು ಸಮುದ್ರದ ದಂಡೆಯ ಪೋರ್ಟ್ ಸುಡಾನ್‌ಗೆ ರಸ್ತೆಯಲ್ಲಿ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್. ಬಸ್ಸು ಬೇಕು, ಡೀಸೆಲ್ ಬೇಕು, ದಾರಿಯುದ್ದಕ್ಕೂ ತನಿಖಾ ಠಾಣೆ. ಒಂದು ಸೇನೆಯದು, ಮುಂದಿನದು ಆರ್‌ಎಸ್‌ಎಫ್‌ನದು. ರಾಯಭಾರ ಕಚೇರಿಯವರು ಮಾಡಬೇಕಾದ್ದು ಇಷ್ಟು: ಯಾರು ಎಲ್ಲಿದ್ದಾರೆ ಎಂಬ ಪಟ್ಟಿ, ಅವರ ಫೋನಿನಲ್ಲಿ ಚಾರ್ಜ್ ಉಳಿದಿರುವಾಗಲೇ ಒಂದು ಸಂದೇಶ, ಎರಡೂ ಕಡೆಯ ಸೇನಾಧಿಕಾರಿಗಳೊಂದಿಗೆ ಮಾತು, ಇಂಥ ದಿನ ಇಂಥ ಹೊತ್ತಿಗೆ ಇಂಥ ದಾರಿಯಲ್ಲಿ ಇಷ್ಟು ವಾಹನ ಬರುತ್ತದೆ ಎಂಬ ತಿಳಿವಳಿಕೆ. ಪೋರ್ಟ್ ಸುಡಾನ್‌ನಲ್ಲಿ ನೌಕಾಪಡೆಯ ಹಡಗು, ಆಚೆ ದಡದ ಜೆಡ್ಡಾದಲ್ಲಿ ವಿಮಾನ. ಪೋರ್ಟ್ ಸುಡಾನ್ ತಲುಪಲಾಗದವರೂ ಇದ್ದರು. ಅಂಥ 121 ಮಂದಿಗಾಗಿ ಏಪ್ರಿಲ್ 27ರ ರಾತ್ರಿ ವಾಯುಪಡೆಯ ಸಿ-130ಜೆ ವಿಮಾನ ಖಾರ್ಟೂಮ್‌ನ ಉತ್ತರಕ್ಕಿರುವ ವಾದಿ ಸಯ್ಯಿದ್ನಾ ಎಂಬ ಸಣ್ಣ ಓಡುಪಟ್ಟಿಯಲ್ಲಿ ಇಳಿಯಿತು. ಅಲ್ಲಿ ಇಳಿಯಲು ದಾರಿ ತೋರುವ ದೀಪವಿಲ್ಲ, ಇಂಧನವಿಲ್ಲ. ಪೈಲಟ್‌ಗಳು ಕತ್ತಲಲ್ಲಿ ಕಾಣುವ ಕನ್ನಡಕ ಹಾಕಿಕೊಂಡು ಇಳಿಸಿದರು. ಆ ಗುಂಪಿನಲ್ಲಿ ಒಬ್ಬ ಗರ್ಭಿಣಿಯೂ ಇದ್ದರು. ಜನರನ್ನು ಓಡುಪಟ್ಟಿಯವರೆಗೆ ಕರೆತಂದ ವಾಹನಸಾಲಿನ ಮುಂದೆ ಇದ್ದವರು ಭಾರತೀಯ ರಾಯಭಾರ ಕಚೇರಿಯ ರಕ್ಷಣಾ ಅಧಿಕಾರಿ. ವಿಮಾನದ ಸಾಹಸ ಎಲ್ಲರಿಗೂ ಕಂಡಿತು. ಅದರ ಹಿಂದೆ ಆ ವಾಹನಸಾಲನ್ನು ಯಾರೂ ತಡೆಯದಂತೆ ಮಾಡಿದ ಮಾತುಕತೆ ಕಾಣಲಿಲ್ಲ. ಕಾಣಬಾರದು ಕೂಡ.

ಇದರಲ್ಲಿ ಭಾರತಕ್ಕೆ ಪಳಗಿದ ಕೈಯಿದೆ. 1990ರಲ್ಲಿ ಕುವೈತ್‌ನಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಬಂದರು. 2015ರಲ್ಲಿ ಯೆಮೆನ್‌ನಿಂದ ನಮ್ಮವರ ಜೊತೆಗೆ 41 ದೇಶಗಳ 960 ಮಂದಿಯನ್ನೂ ತಂದೆವು. ಹಾಗೆಂದು ಪಳಗಿದ ಕೈಗೂ ಎಲ್ಲ ಕಡೆ ನಿಲುಕುವುದಿಲ್ಲ. 2022ರ ಮಾರ್ಚ್ 1ರಂದು ಉಕ್ರೇನ್‌ನ ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಮರುದಿನ ಭಾರತೀಯ ರಾಯಭಾರ ಕಚೇರಿ ಅಲ್ಲಿದ್ದ ಭಾರತೀಯರಿಗೆ ಒಂದು ಸೂಚನೆ ಹೊರಡಿಸಿತು: ಏನೇ ಆಗಲಿ ಸಂಜೆ ಆರು ಗಂಟೆಯೊಳಗೆ ಹಾರ್ಕಿವ್ ಬಿಡಿ, ಪಿಸೋಚಿನ್, ಬಾಬಾಯ್, ಬೆಜ್‌ಲ್ಯುಡಿವ್ಕಾ ಈ ಊರುಗಳನ್ನು ಸೇರಿಕೊಳ್ಳಿ, ವಾಹನ ಸಿಗದಿದ್ದರೆ ನಡೆದೇ ಹೋಗಿ. ಓದಿದಾಗ ನಿರ್ದಯ ಅನ್ನಿಸುತ್ತದೆ. ಆದರೆ ಯುದ್ಧದ ನಡುವೆ ರಾಜತಾಂತ್ರಿಕ ಕೊಡಬಹುದಾದ ಅತ್ಯಂತ ಉಪಯುಕ್ತ ವಸ್ತು ಅದೇ: ಗಡುವು, ದಿಕ್ಕು, ಸೇರಬೇಕಾದ ಊರಿನ ಹೆಸರು. ಅಂಥ ಒಂದು ಗಡುವು ಸಿಗಬೇಕಾದರೆ ಬಾಂಬು ಹಾಕುವವನ ಜೊತೆ ಯಾರಾದರೂ ಮಾತಾಡಿರಬೇಕು. ಅದೇ ಮಾರ್ಚ್ 8ರಂದು ಉಕ್ರೇನ್‌ನ ಸುಮಿ ನಗರದಿಂದ ಸುಮಾರು ಏಳುನೂರು ಭಾರತೀಯ ವಿದ್ಯಾರ್ಥಿಗಳು ಬಸ್ಸು ಹತ್ತಿದ್ದು, ಪ್ರಧಾನಿ ಹಿಂದಿನ ದಿನ ಪುಟಿನ್ ಜೊತೆಗೂ ಝೆಲೆನ್‌ಸ್ಕಿ ಜೊತೆಗೂ ಫೋನಿನಲ್ಲಿ ಮಾತಾಡಿದ ಮೇಲೆ.

ಇಲ್ಲಿಯವರೆಗಿನದು ಸ್ವಂತ ಪ್ರಜೆಗಳ ಮಾತು. 1961ರ ವಿಯೆನ್ನಾ ಒಪ್ಪಂದ ರಾಜತಾಂತ್ರಿಕನ ಕೆಲಸಗಳನ್ನು ಎಣಿಸುವಾಗ ತನ್ನ ದೇಶದ ಹಿತ, ತನ್ನ ದೇಶದ ಪ್ರಜೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಬೀಡುಬಿಟ್ಟ ದೇಶದ ಒಳಗಿನ ವ್ಯವಹಾರಕ್ಕೆ ಕೈಹಾಕಬಾರದು ಎಂದೂ ಹೇಳುತ್ತದೆ. ಆ ದೇಶದ ಪ್ರಜೆಯನ್ನು ಆ ದೇಶದ ಬಂದೂಕಿನಿಂದ ಕಾಪಾಡು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಆ ಜಾಗವನ್ನು ತುಂಬುವುದು 1949ರ ಜಿನೀವಾ ಒಪ್ಪಂದಗಳು. ಅವುಗಳ ಮೊದಲ ವಿಧಿಯೇ, ಸಹಿ ಹಾಕಿದ ದೇಶ ಒಪ್ಪಂದವನ್ನು ತಾನು ಪಾಲಿಸಿದರೆ ಸಾಲದು, ಉಳಿದವರೂ ಪಾಲಿಸುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಈ ‘ನೋಡಿಕೊಳ್ಳುವ’ ಹೊಣೆ ಎಲ್ಲ ದೇಶಗಳದ್ದು. ಎಲ್ಲರದ್ದಾದ್ದರಿಂದಲೇ ಯಾರದ್ದೂ ಆಗಲಿಲ್ಲ. ಸ್ವಂತ ಪ್ರಜೆ ಸತ್ತರೆ ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ, ವಿರೋಧ ಪಕ್ಷದ ನಾಯಕ ಟ್ವೀಟ್ ಮಾಡುತ್ತಾನೆ, ಸಚಿವ ಉತ್ತರಿಸಲೇಬೇಕು. ಎಲ್ ಫಾಶೆರ್‌ನ ತಾಯಿಯ ಪರವಾಗಿ ಯಾವ ಸಂಸತ್ತಿನಲ್ಲೂ ಆ ಪ್ರಶ್ನೆ ಏಳುವುದಿಲ್ಲ.

ಆದರೂ ಈ ಗೆರೆ ದಾಟಿದ ರಾಜತಾಂತ್ರಿಕರು ಇದ್ದರು. ಅವರು ದಾಟಿದ ರೀತಿಯಲ್ಲೊಂದು ಪಾಠವಿದೆ. 1944ರ ಬುಡಾಪೆಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಉಪ ಕಾನ್ಸುಲ್ ಆಗಿದ್ದ ಕಾರ್ಲ್ ಲುಟ್ಜ್, ಪ್ಯಾಲೆಸ್ಟೈನ್‌ಗೆ ವಲಸೆ ಹೋಗುವ ಸುಮಾರು 8,000 ಯಹೂದಿಗಳಿಗೆ ರಕ್ಷಣಾ ಪತ್ರ ಕೊಡಲು ಹಂಗೆರಿ ಮತ್ತು ಜರ್ಮನಿಯ ಅಧಿಕಾರಿಗಳಿಂದ ಒಪ್ಪಿಗೆ ಪಡೆದರು. ಅದು 8,000 ಮಂದಿಗಲ್ಲ, 8,000 ಕುಟುಂಬಗಳಿಗೆ ಎಂದು ಅರ್ಥ ಮಾಡಿಕೊಂಡರು. ಪತ್ರಗಳಿಗೆ 1ರಿಂದ 8,000ದವರೆಗೆ ಸಂಖ್ಯೆ ಹಾಕಿ ಮುಗಿಸಿದರು, ಮತ್ತೆ 1ರಿಂದ ಶುರು ಮಾಡಿದರು. ಅಧಿಕಾರಿಗಳು ಯಾವ ಪತ್ರ ಹಿಡಿದು ನೋಡಿದರೂ ಸಂಖ್ಯೆ ಒಪ್ಪಿಗೆಯ ಮಿತಿಯೊಳಗೇ ಇರುತ್ತಿತ್ತು. ನಗರದ 76 ಕಟ್ಟಡಗಳನ್ನು ಸ್ವಿಸ್ ರಕ್ಷಣೆಯಲ್ಲಿವೆ ಎಂದು ಸಾರಿ ಜನರನ್ನು ಅಲ್ಲಿ ತುಂಬಿದರು. ‘ಗಾಜಿನ ಮನೆ’ ಎಂದು ಹೆಸರಾದ ಹಳೆಯ ಗಾಜಿನ ಕಾರ್ಖಾನೆಯೊಂದರಲ್ಲೇ ಸಾವಿರಾರು ಜನ ಉಸಿರು ಬಿಗಿಹಿಡಿದು ಬದುಕಿದರು. ಆ ಜುಲೈನಲ್ಲಿ ಬಂದ ಸ್ವೀಡನ್ನಿನ ರಾಔಲ್ ವಾಲೆನ್‌ಬರ್ಗ್ ಕೂಡ ಮೊಹರು, ಸಹಿ, ಲಾಂಛನವಿದ್ದ ಪಾಸುಗಳನ್ನೇ ಆಯುಧ ಮಾಡಿಕೊಂಡರು. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಅವರನ್ನು ಹಿಡಿದೊಯ್ದಿತು, ಅವರು ಮರಳಲಿಲ್ಲ. ಲುಟ್ಜ್ ಊರಿಗೆ ಮರಳಿದಾಗ ಅಧಿಕಾರ ಮೀರಿ ನಡೆದಿರಿ ಎಂಬ ಮಾತು ಕೇಳಬೇಕಾಯಿತು. ಅವರಿಗೆ ಸರ್ಕಾರದ ಮನ್ನಣೆ ದೊರೆತದ್ದು ಎಷ್ಟೋ ವರ್ಷ ಕಳೆದ ಮೇಲೆ.

ಇವರಿಬ್ಬರ ಬಳಿ ಒಬ್ಬ ಸೈನಿಕನೂ ಇರಲಿಲ್ಲ. ಇದ್ದದ್ದು ಕಾಗದ, ಆ ಕಾಗದವನ್ನು ಎದುರಿನವನು ಗೌರವಿಸಲೇಬೇಕಾದ ಒಂದು ರಾಜ್ಯದ ಹೆಸರು, ಆ ಊರಲ್ಲಿ ಉಳಿದುಕೊಳ್ಳುವ ಧೈರ್ಯ.

ಈಗ ಖಾರ್ಟೂಮ್‌ಗೆ ಬರೋಣ. ಕಾಳಗ ಶುರುವಾದ ಮೂರನೇ ದಿನಕ್ಕೆ ಐರೋಪ್ಯ ಒಕ್ಕೂಟದ ರಾಯಭಾರಿಯ ಮನೆಗೇ ನುಗ್ಗಿ ಹಲ್ಲೆ ಮಾಡಲಾಯಿತು. ವಾರ ಕಳೆಯುವುದರೊಳಗೆ, ಏಪ್ರಿಲ್ 22ರ ರಾತ್ರಿ, ಅಮೆರಿಕ ಹೆಲಿಕಾಪ್ಟರ್ ಇಳಿಸಿ ನೂರಕ್ಕೂ ಕಡಿಮೆ ಜನರಿದ್ದ ತನ್ನ ರಾಯಭಾರ ಕಚೇರಿಯನ್ನು ಖಾಲಿ ಮಾಡಿಸಿತು. ಉಳಿದ ಪಾಶ್ಚಾತ್ಯ ದೇಶಗಳೂ ಹಿಂದೆಯೇ ಹೊರಟವು. ಹೊರಡುವ ಅವಸರದಲ್ಲಿ ಆದದ್ದೊಂದು ಕಡಿಮೆ ಜನರಿಗೆ ತಿಳಿದಿದೆ. ವೀಸಾಕ್ಕೆ ಅರ್ಜಿ ಹಾಕಿದ್ದ ಸುಡಾನಿಗಳ ಪಾಸ್‌ಪೋರ್ಟ್‌ಗಳು ಆ ಕಚೇರಿಗಳ ಕಪಾಟಿನಲ್ಲಿದ್ದವು. ಕೆಲವು ದೇಶಗಳು ಅವನ್ನು ಹಾಗೆಯೇ ಬೀಗ ಹಾಕಿ ಬಿಟ್ಟುಹೋದವು. ಅಮೆರಿಕದ ಕಚೇರಿ ಅವನ್ನು ನಾಶ ಮಾಡಿತು. ಖಾಲಿ ಮಾಡುವಾಗ ಬೇರೆಯವರ ಕೈಗೆ ಸಿಗಬಾರದ ದಾಖಲೆಗಳನ್ನು ನಾಶ ಮಾಡುವುದು ಅಲ್ಲಿನ ನಿಯಮ. ನಿಯಮದ ಪ್ರಕಾರ ತಪ್ಪಿಲ್ಲದಿರಬಹುದು. ಆದರೆ ಮನೆಯ ಮೇಲೆ ವಿಮಾನ ಹಾರುತ್ತಿರುವಾಗ ಗಡಿಯತ್ತ ಓಡಬೇಕಾದವನ ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲ. ಬುಡಾಪೆಸ್ಟ್‌ನಲ್ಲಿ ಒಬ್ಬ ಅಧಿಕಾರಿ ಇಲ್ಲದ ಕಾಗದವನ್ನು ಸೃಷ್ಟಿಸಿ ಜೀವ ಉಳಿಸಿದ; ಎಂಬತ್ತು ವರ್ಷದ ಬಳಿಕ ಖಾರ್ಟೂಮ್‌ನಲ್ಲಿ ಇದ್ದ ಕಾಗದವೂ ಹೋಯಿತು. ರಾಯಭಾರ ಸಿಬ್ಬಂದಿ ಸಾಯಬೇಕಿತ್ತು ಎಂದು ಯಾರೂ ಹೇಳಲಾರರು. ಆ ಪಾಸ್‌ಪೋರ್ಟ್‌ಗಳನ್ನು ಸ್ಥಳೀಯ ಸಿಬ್ಬಂದಿಯ ಮೂಲಕ ಒಡೆಯರಿಗೆ ಮರಳಿಸುವ ದಾರಿಯೊಂದನ್ನು ಯೋಚಿಸಿಡುವುದು ಮಾತ್ರ ಅಸಾಧ್ಯದ ಕೆಲಸವಾಗಿರಲಿಲ್ಲ.

ರಾಯಭಾರ ಕಚೇರಿ ಹೊರಟುಹೋದಾಗ ಕಾಗದದ ಜೊತೆ ಸಾಕ್ಷಿಯೂ ಹೋಗುತ್ತದೆ. ಕಂಡದ್ದನ್ನು ತನ್ನ ಸರ್ಕಾರಕ್ಕೆ ಬರೆದು ತಿಳಿಸುವುದು ರಾಜತಾಂತ್ರಿಕನ ಕೆಲಸಗಳಲ್ಲೊಂದು. ಅದು ಎಷ್ಟು ದೂರ ಹೋಗಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ನಮ್ಮ ನೆರೆಯ ಢಾಕಾ ಸಾಕ್ಷಿ. 1971ರ ಮಾರ್ಚ್ 25ರ ರಾತ್ರಿಯಿಂದ ಪಾಕಿಸ್ತಾನಿ ಸೇನೆ ನಡೆಸಿದ ಕೊಲೆಗಳನ್ನು ಅಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ದಿನವೂ ವಾಷಿಂಗ್ಟನ್‌ಗೆ ಬರೆದರು. ಉತ್ತರ ಬರಲಿಲ್ಲ. ಏಪ್ರಿಲ್ 6ರಂದು ಢಾಕಾದಲ್ಲಿದ್ದ 20 ಮಂದಿ ಅಮೆರಿಕನ್ ಅಧಿಕಾರಿಗಳು ತಮ್ಮ ಸರ್ಕಾರದ ಮೌನವನ್ನು ನೇರವಾಗಿ ಖಂಡಿಸಿದ ತಂತಿಗೆ ಸಹಿ ಹಾಕಿದರು; ಬ್ಲಡ್ ಅದನ್ನು ತಮ್ಮ ಬೆಂಬಲದ ಮಾತು ಸೇರಿಸಿ ಕಳುಹಿಸಿದರು. ನಿಕ್ಸನ್ ಮತ್ತು ಕಿಸಿಂಜರ್ ಆಗ ಪಾಕಿಸ್ತಾನದ ಮೂಲಕ ಚೀನಾದ ಬಾಗಿಲು ತಟ್ಟುತ್ತಿದ್ದರು. ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಲಾಯಿತು. ಕೊಲೆ ನಿಲ್ಲಲಿಲ್ಲ, ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಹಾಗಾದರೆ ಆ ತಂತಿಯಿಂದ ಏನು ಬಂತು? ತಮಗೆ ತಿಳಿದಿರಲಿಲ್ಲ ಎಂದು ಹೇಳಿ ನುಣುಚಿಕೊಳ್ಳುವ ಅವಕಾಶವನ್ನು ಅದು ವಾಷಿಂಗ್ಟನ್‌ನಿಂದ ಶಾಶ್ವತವಾಗಿ ಕಿತ್ತುಕೊಂಡಿತು. ಇದು ಸಣ್ಣದಲ್ಲ, ಆದರೆ ಸತ್ತವರಿಗೆ ಸಾಕಾಗುವಷ್ಟೂ ಅಲ್ಲ.

ರುವಾಂಡಾದಲ್ಲಿ ಇಷ್ಟೂ ಆಗಲಿಲ್ಲ. 1994ರ ಏಪ್ರಿಲ್‌ನಲ್ಲಿ ಟುಟ್ಸಿ ಜನಾಂಗದವರ ಸಾಮೂಹಿಕ ಕೊಲೆ ಶುರುವಾದಾಗ ರಾಜಧಾನಿ ಕಿಗಾಲಿಯಿಂದ ವಿದೇಶಿಯರನ್ನು ತೆಗೆದುಕೊಂಡು ಹೋಗಲು ಸೇನೆಗಳು ಬಂದವು, ತೆಗೆದುಕೊಂಡು ಹೋದವು. ಶಾಲೆಯೊಂದರಲ್ಲಿ ಬೆಲ್ಜಿಯಂ ಸೈನಿಕರ ಕಾವಲಿನಲ್ಲಿದ್ದ ಸುಮಾರು 2,000 ಜನ ಆ ಕಾವಲು ಎದ್ದುಹೋದ ಕೂಡಲೇ ಕೊಲೆಗಾರರ ಕೈಗೆ ಸಿಕ್ಕರು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಅಲ್ಲಿನ ಶಾಂತಿಪಡೆಯನ್ನು 270ಕ್ಕೆ ಇಳಿಸಿತು. ಮಂಡಳಿಯ ಕೋಣೆಯಲ್ಲಿ ಇದು ನರಮೇಧ ಎಂದು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ಝೆಕ್ ಗಣರಾಜ್ಯದ ರಾಯಭಾರಿ ಕಾರೆಲ್ ಕೊವಾಂಡಾ ಒಬ್ಬರು. ಝೆಕ್ ಸಣ್ಣ ದೇಶ, ವಿಟೊ ಇಲ್ಲದ ತಾತ್ಕಾಲಿಕ ಸದಸ್ಯ. ದೊಡ್ಡ ದೇಶಗಳ ರಾಯಭಾರಿಗಳ ಬಾಯಿ ಕಟ್ಟಿತ್ತು, ಯಾಕೆಂದರೆ ಆ ಮಾತು ಆಡಿದರೆ ಏನಾದರೂ ಮಾಡಬೇಕಾಗುತ್ತಿತ್ತು.

ಸುಡಾನ್‌ನಲ್ಲಿ ಮಾತಿಗೇನೂ ಬರವಿರಲಿಲ್ಲ. 2023ರ ಮೇ 11ರಂದು, ಸೌದಿ ಅರೇಬಿಯಾ ಮತ್ತು ಅಮೆರಿಕದ ಮಧ್ಯಸ್ಥಿಕೆಯಲ್ಲಿ, ಎರಡೂ ಪಡೆಗಳ ಪ್ರತಿನಿಧಿಗಳು ಜೆಡ್ಡಾದಲ್ಲಿ ನಾಗರಿಕರ ರಕ್ಷಣೆಯ ಘೋಷಣೆಗೆ ಸಹಿ ಹಾಕಿದರು. ಅದನ್ನು ಓದಿದರೆ ತಲೆದೂಗಬೇಕು: ಆಸ್ಪತ್ರೆ, ನೀರು, ವಿದ್ಯುತ್ ಕೇಂದ್ರಗಳಲ್ಲಿ ಸೈನಿಕರು ಬೀಡು ಬಿಡುವಂತಿಲ್ಲ, ಕಾಳಗದ ಜಾಗದಿಂದ ಜನ ತಮಗೆ ಬೇಕಾದ ದಿಕ್ಕಿಗೆ ಹೊರಡಲು ಬಿಡಬೇಕು, ಸತ್ತವರನ್ನು ಎತ್ತಿ ಹೂಳಲು ಅವಕಾಶ ಕೊಡಬೇಕು. ಮೇ 20ರಂದು ಏಳು ದಿನದ ಕದನವಿರಾಮಕ್ಕೂ ಸಹಿ ಬಿತ್ತು. ಅದರ ಮೇಲೆ ಕಣ್ಣಿಡಲು 12 ಮಂದಿಯ ಸಮಿತಿ: ಎರಡೂ ಪಡೆಗಳ ತಲಾ ಮೂವರು, ಸೌದಿಯ ಮೂವರು, ಅಮೆರಿಕದ ಮೂವರು. ಆದರೆ ಸಮಿತಿ ಕೂತದ್ದು ಜೆಡ್ಡಾದಲ್ಲಿ, ಸಮುದ್ರದ ಆಚೆ. ಉಲ್ಲಂಘನೆ ಕಂಡಾಗ ಅದು ಹೇಳಿಕೆ ಕೊಡುತ್ತಿತ್ತು. ಹೇಳಿಕೆಯಾಚೆ ಕೊಡಬಹುದಾದ್ದು ಅದರ ಬಳಿ ಏನೂ ಇರಲಿಲ್ಲ. ಜೂನ್ ಆರಂಭಕ್ಕೆ ಮಾತುಕತೆಯೇ ಮುರಿದುಬಿತ್ತು. ಅದೇ ತಿಂಗಳು ಸುಡಾನ್ ಸೇನಾ ಸರ್ಕಾರ ವಿಶ್ವಸಂಸ್ಥೆಯ ಪ್ರತಿನಿಧಿ ಫೋಲ್ಕರ್ ಪೆರ್ಥೆಸ್ ಅವರನ್ನು ದೇಶಕ್ಕೆ ಬೇಡದವರು ಎಂದು ಸಾರಿತು. ಡಿಸೆಂಬರ್‌ನಲ್ಲಿ ಆ ಸರ್ಕಾರದ ಕೋರಿಕೆಯಂತೆ ಅಲ್ಲಿದ್ದ ವಿಶ್ವಸಂಸ್ಥೆಯ ರಾಜಕೀಯ ಕಚೇರಿಯನ್ನೇ ಭದ್ರತಾ ಮಂಡಳಿ ಮುಚ್ಚಿತು. ಡಾರ್ಫುರ್‌ನ ಶಾಂತಿಪಡೆ 2020ರ ಕೊನೆಯಲ್ಲೇ ಕೆಲಸ ಮುಗಿಸಿ ಹೊರಟಿತ್ತು. ಪಶ್ಚಿಮ ಡಾರ್ಫುರ್‌ನ ಎಲ್ ಜೆನೈನಾ ಊರಿನಲ್ಲಿ ಮಸಾಲಿತ್ ಜನಾಂಗದವರ ಕಗ್ಗೊಲೆ ನಡೆದಾಗ ನೋಡುವ ಕಣ್ಣು ಒಂದೂ ಉಳಿದಿರಲಿಲ್ಲ. ಆ ಒಂದು ಊರಿನಲ್ಲೇ 10,000ದಿಂದ 15,000 ಜನ ಸತ್ತಿರಬಹುದು ಎಂಬ ಅಂದಾಜು ವಿಶ್ವಸಂಸ್ಥೆಯ ತಜ್ಞರ ಸಮಿತಿಯ ವರದಿಯಲ್ಲಿ ಬಂದದ್ದು ಎಷ್ಟೋ ತಿಂಗಳ ಬಳಿಕ.

ಇದೇ ಹೊತ್ತಿಗೆ ಎಲ್ ಫಾಶೆರ್‌ನಲ್ಲಿ ಬೇರೆಯೇ ಒಂದು ರಾಜತಾಂತ್ರಿಕತೆ ನಡೆದಿತ್ತು. ಅದನ್ನು ನಡೆಸಿದವರಿಗೆ ಪಾಸ್‌ಪೋರ್ಟಿನ ಬಣ್ಣ ಬೇರೆ ಇರಲಿಲ್ಲ, ಕಾರಿನ ಮುಂದೆ ಬಾವುಟ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿಯೇ ಊರಿನ ಹಿರಿಯರು, ಬುಡಕಟ್ಟುಗಳ ಮುಖಂಡರು, ಆಡಳಿತದವರು ಸೇರಿ ಸೇನೆ ಮತ್ತು ಆರ್‌ಎಸ್‌ಎಫ್ ನಡುವೆ ಸ್ಥಳೀಯ ಕದನವಿರಾಮ ಕುದುರಿಸಿದರು: ಪೂರ್ವ ಭಾಗದಲ್ಲಿ ಆರ್‌ಎಸ್‌ಎಫ್, ಪಶ್ಚಿಮದಲ್ಲಿ ಸೇನೆ, ನಡುವೆ ಯಾರೂ ಗುಂಡು ಹಾರಿಸಬಾರದು. ನಡುನಡುವೆ ಮುರಿದರೂ, ಮತ್ತೆ ಹೊಲಿಯುತ್ತ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಎಳೆದುಕೊಂಡು ಬಂದರು. ಡಾರ್ಫುರ್‌ನ ಬೇರೆ ಊರುಗಳು ಬೀಳುತ್ತಿದ್ದಂತೆ ಜನ ಇಲ್ಲಿಗೇ ಓಡಿಬಂದದ್ದು ಈ ಕಾರಣಕ್ಕೆ. ದೊಡ್ಡ ದೇಶಗಳ ರಾಯಭಾರಿಗಳಿಂದ ಜೆಡ್ಡಾದಲ್ಲಿ ಆಗದ್ದು ಊರಿನ ಹಿರಿಯರಿಂದ ಆದದ್ದು ಯಾಕೆಂದರೆ, ಗುಂಡು ಹಾರಿಸುವವನ ಮನೆ ಅವರಿಗೆ ಗೊತ್ತಿತ್ತು, ಮುರಿದದ್ದು ಯಾರು ಎಂದು ಅದೇ ಸಂಜೆ ತಿಳಿಯುತ್ತಿತ್ತು. ಆ ಒಪ್ಪಂದವನ್ನು ಗುರುತಿಸಿ ಹೊರಗಿನಿಂದ ಬಲ ತುಂಬುವ ಕೆಲಸಕ್ಕೆ ಒಂದು ವರ್ಷದ ಅವಕಾಶವಿತ್ತು. ಆ ವರ್ಷ ಹಾಗೆಯೇ ಕಳೆಯಿತು. ಸುಡಾನ್‌ನ ಇಡೀ ದುರಂತದಲ್ಲಿ ನನಗೆ ಅತ್ಯಂತ ಸಂಕಟ ಕೊಡುವ ಸಂಗತಿ ಇದು.

2024ರ ಮೇ ಹೊತ್ತಿಗೆ ಮುತ್ತಿಗೆ ಬಿಗಿಯಾಯಿತು. ಜೂನ್‌ನಲ್ಲಿ ಊರಿನ ದಕ್ಷಿಣ ಆಸ್ಪತ್ರೆಗೆ ಆರ್‌ಎಸ್‌ಎಫ್ ಸೈನಿಕರು ನುಗ್ಗಿದರು, ಆಸ್ಪತ್ರೆ ಮುಚ್ಚಿತು. ಜೂನ್ 13ರಂದು ಭದ್ರತಾ ಮಂಡಳಿ 2736ನೇ ನಿರ್ಣಯದಲ್ಲಿ ಮುತ್ತಿಗೆ ನಿಲ್ಲಿಸಿ ಎಂದು ಆರ್‌ಎಸ್‌ಎಫ್‌ಗೆ ತಾಕೀತು ಮಾಡಿತು. 14 ದೇಶ ಪರ, ರಷ್ಯಾ ತಟಸ್ಥ. ನಿಲ್ಲಿಸದಿದ್ದರೆ ಏನು ಎಂಬ ಸಾಲು ಅದರಲ್ಲಿ ಇರಲಿಲ್ಲ. ನವೆಂಬರ್ 18ರಂದು ಬ್ರಿಟನ್ ಮತ್ತು ಸಿಯೆರಾ ಲಿಯೋನ್ ತಂದ ಇನ್ನೊಂದು ಕರಡು ಈ ಕೊರತೆಯನ್ನೇ ತುಂಬಲು ಹೊರಟಿತ್ತು: ಜೆಡ್ಡಾದ ವಾಗ್ದಾನಗಳನ್ನು ಪಾಲಿಸಲಾಗುತ್ತಿದೆಯೇ ಎಂದು ನೋಡುವ ವ್ಯವಸ್ಥೆಯೊಂದು ಬೇಕು ಎಂದು. ಮತ್ತೆ 14 ಪರ. ಈ ಸಲ ರಷ್ಯಾ ವಿಟೊ ಹಾಕಿತು. ಸುಡಾನ್ ಸರ್ಕಾರವನ್ನು ಬದಿಗೊತ್ತಿ ಹೊರಗಿನವರು ತೀರ್ಮಾನಿಸುವುದು ಸರಿಯಲ್ಲ ಎಂಬುದು ರಷ್ಯಾದ ವಾದ. ಒಂದೇ ಕೈ ಮೇಲೆದ್ದು ಹದಿನಾಲ್ಕು ಕೈಗಳನ್ನು ಇಳಿಸಿತು.

2025ರ ಏಪ್ರಿಲ್‌ನಲ್ಲಿ ಎಲ್ ಫಾಶೆರ್ ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದ ಮೇಲೆ ಆರ್‌ಎಸ್‌ಎಫ್ ದಾಳಿ ಮಾಡಿತು. ಅಲ್ಲಿ ಕ್ಷಾಮವಿದೆ ಎಂದು ತಜ್ಞರು ಹಿಂದಿನ ಆಗಸ್ಟ್‌ನಲ್ಲೇ ಘೋಷಿಸಿದ್ದರು. ಅದೇ ವಾರ ಲಂಡನ್ನಿನಲ್ಲಿ ಸುಡಾನ್ ಕುರಿತ ಸಚಿವರ ಸಭೆ ನಡೆಯಿತು. ಅರಬ್ ದೇಶಗಳ ನಡುವಿನ ಭಿನ್ನಾಭಿಪ್ರಾಯದಿಂದ ಒಂದು ಜಂಟಿ ಹೇಳಿಕೆಗೂ ಒಮ್ಮತ ಮೂಡಲಿಲ್ಲ. ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾ ಪ್ರಧಾನ ಕಾರ್ಯದರ್ಶಿ ಗುಟೆರಸ್ ಎಲ್ ಫಾಶೆರ್‌ಗೆ ಒಂದು ವಾರದ ವಿರಾಮ ಕೇಳಿದರು. ಸೇನಾ ಮುಖ್ಯಸ್ಥ ಬುರ್ಹಾನ್ ಒಪ್ಪಿದರು, ಆರ್‌ಎಸ್‌ಎಫ್ ಒಪ್ಪಲಿಲ್ಲ. ಊರೊಳಗೆ ಜೋಳ, ಗೋಧಿ ಮುಗಿದಿತ್ತು. ಜನ ‘ಅಂಬಾಜ್’ ತಿನ್ನತೊಡಗಿದರು. ಅಂದರೆ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಶೇಂಗಾ ಹಿಂಡಿ, ನಮ್ಮಲ್ಲಿ ಎಮ್ಮೆಗೆ ನೆನೆಹಾಕಿ ಇಡುವಂಥದ್ದು. ಮುಂದೆ ಅದೂ ಸಿಗಲಿಲ್ಲ. ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಹೊಸದೊಂದನ್ನು ಗುರುತಿಸಿದರು: ಊರಿನ ಸುತ್ತ ಮಣ್ಣಿನ ಏರಿ ಎದ್ದಿತ್ತು, 31 ಕಿಲೋಮೀಟರ್‌ನಷ್ಟು. ಜನ ಹೊರಹೋಗದಂತೆ, ಆಹಾರ ಒಳಬರದಂತೆ ಕಟ್ಟಿದ ಏರಿ. ಕೊಲೆ ನಡೆಯುವ ಎರಡು ತಿಂಗಳ ಮೊದಲು ಇಡೀ ಜಗತ್ತು ಅದನ್ನು ಚಿತ್ರದಲ್ಲಿ ನೋಡಿತು. ಈ ಸಲ ಸಾಕ್ಷಿಗೆ ಕೊರತೆ ಇರಲಿಲ್ಲ, ಸಾಕ್ಷಿಯನ್ನು ಕೈಯಲ್ಲಿ ಹಿಡಿದು ಹೋಗಿ ಬಾಗಿಲು ಬಡಿಯುವವರು ಇರಲಿಲ್ಲ.

ಯಾವ ಬಾಗಿಲು? ಇದನ್ನು ಸುತ್ತಿಬಳಸದೆ ಹೇಳಬೇಕು. ಆರ್‌ಎಸ್‌ಎಫ್‌ಗೆ ಸಂಯುಕ್ತ ಅರಬ್ ಸಂಸ್ಥಾನದಿಂದ ಶಸ್ತ್ರ ಬರುತ್ತಿದೆ ಎಂಬ ಆರೋಪಗಳು ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯೇ ಬರೆದಿದೆ. ಆ ದೇಶ ಅದನ್ನು ಖಡಾಖಂಡಿತವಾಗಿ ಅಲ್ಲಗಳೆಯುತ್ತದೆ. ಸುಡಾನ್ ಅದರ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2025ರ ಮೇ 5ರಂದು ನ್ಯಾಯಾಲಯ ತನಗೆ ಅಧಿಕಾರ ವ್ಯಾಪ್ತಿ ಇಲ್ಲವೆಂದು ಪ್ರಕರಣ ಕೈಬಿಟ್ಟಿತು. ಸೇನೆಯ ಬೆನ್ನಿಗೆ ಈಜಿಪ್ಟ್ ಇದೆ. ಹೀಗಿರುವಾಗ ಯುದ್ಧಭೂಮಿಯ ಜನರಲ್‌ಗಳ ಜೊತೆ ಮಾತ್ರ ಮಾತಾಡುವ ರಾಜತಾಂತ್ರಿಕತೆ ಅರ್ಧ ಕೆಲಸ. ಉಳಿದರ್ಧ ಆಗಬೇಕಾದ್ದು ಅಬುಧಾಬಿಯಲ್ಲಿ, ಕೈರೋದಲ್ಲಿ, ರಿಯಾದ್‌ನಲ್ಲಿ. ಆ ರಾಜಧಾನಿಗಳ ಜೊತೆ ಎಲ್ಲ ದೊಡ್ಡ ದೇಶಗಳಿಗೂ ತೈಲ, ಹೂಡಿಕೆ, ಶಸ್ತ್ರ ಮಾರಾಟದ ನಂಟಿದೆ. 2025ರ ಸೆಪ್ಟೆಂಬರ್ 12ರಂದು ಅಮೆರಿಕ, ಸೌದಿ, ಸಂಯುಕ್ತ ಅರಬ್ ಸಂಸ್ಥಾನ, ಈಜಿಪ್ಟ್ ನಾಲ್ಕೂ ಸೇರಿ ಮೂರು ತಿಂಗಳ ಮಾನವೀಯ ವಿರಾಮಕ್ಕೆ ಕರೆ ಕೊಟ್ಟವು. ಬಾಗಿಲು ಸರಿಯಾದದ್ದೇ. ಆದರೆ ಆರು ವಾರದಲ್ಲಿ ಎಲ್ ಫಾಶೆರ್ ಬಿತ್ತು. ವಿರಾಮಕ್ಕೆ ನಾವು ತಯಾರು ಎಂದು ಆರ್‌ಎಸ್‌ಎಫ್ ಹೇಳಿದ್ದು ನವೆಂಬರ್ 6ರಂದು, ಊರು ಕೈಗೆ ಬಂದ ಮೇಲೆ.

ಗೆದ್ದ ಉದಾಹರಣೆಗಳೂ ಇದೇ ಯುದ್ಧದಲ್ಲಿವೆ. ಚಾಡ್ ದೇಶದಿಂದ ಡಾರ್ಫುರ್‌ಗೆ ಆಹಾರ ಬರುವ ಮುಖ್ಯ ದಾರಿ ಅದ್ರೆ ಗಡಿ. ಅಲ್ಲಿಂದ ಆರ್‌ಎಸ್‌ಎಫ್‌ಗೆ ಶಸ್ತ್ರ ಬರುತ್ತದೆಂದು ಸೇನಾ ಸರ್ಕಾರ 2024ರ ಫೆಬ್ರುವರಿಯಲ್ಲಿ ಅದನ್ನು ಮುಚ್ಚಿಸಿತ್ತು. ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಅಮೆರಿಕ ಕರೆದ ಮಾತುಕತೆಗೆ ಸೇನೆ ಬರಲೇ ಇಲ್ಲ. ಸಭೆ ವಿಫಲ ಎಂದು ಸುದ್ದಿಯಾಯಿತು. ಆದರೆ ಫೋನಿನಲ್ಲಿ ನಡೆದ ಒತ್ತಡದಿಂದ ಅದ್ರೆ ಗಡಿ ಮೂರು ತಿಂಗಳಿಗೆಂದು ತೆರೆಯಿತು, ಅವಧಿ ಮತ್ತೆ ಮತ್ತೆ ವಿಸ್ತರಣೆಯಾಯಿತು, ಲಾರಿಗಳು ದಾಟಿದವು. ಉಕ್ರೇನ್‌ನ ಮರಿಯುಪೋಲ್‌ನಲ್ಲೂ ಹೀಗೇ: 2022ರ ಏಪ್ರಿಲ್ ಕೊನೆಯಲ್ಲಿ ಗುಟೆರಸ್ ಮಾಸ್ಕೋಗೆ ಹೋಗಿ ಪುಟಿನ್ ಮುಂದೆ ಕೂತು ಬಂದ ಮೇಲೆ, ಅಜೋವ್‌ಸ್ಟಾಲ್ ಉಕ್ಕಿನ ಕಾರ್ಖಾನೆಯ ನೆಲಮಾಳಿಗೆಗಳಲ್ಲಿದ್ದ ನಾಗರಿಕರು ರೆಡ್‌ಕ್ರಾಸ್ ಮತ್ತು ವಿಶ್ವಸಂಸ್ಥೆಯ ಬಸ್ಸುಗಳಲ್ಲಿ ಹೊರಬಂದರು. ಯುದ್ಧ ನಿಲ್ಲಿಸಿ ಎಂದು ಕೇಳಿದಾಗ ಸಿಗದ್ದು, ಈ ಗೇಟು ತೆರೆಯಿರಿ, ಈ ಬಸ್ಸು ಬಿಡಿ ಎಂದಾಗ ಸಿಕ್ಕಿತು. ವಾಹನಸಾಲಿನ ಮುಂದೆ ಭಾರತದ ರಕ್ಷಣಾ ಅಧಿಕಾರಿ ಇದ್ದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಬೇಡಿಕೆ ಚಿಕ್ಕದು, ನಿಖರ. ಮುರಿದರೆ ಯಾರು ಮುರಿದರು ಎಂಬುದು ಬಚ್ಚಿಡಲಾಗದ್ದು.

ಎಲ್ ಫಾಶೆರ್‌ನಿಂದ ಜೀವ ಹಿಡಿದುಕೊಂಡು ಓಡಿದವರು ಸುಮಾರು 60 ಕಿಲೋಮೀಟರ್ ದೂರದ ತವಿಲಾ ಸೇರಿದರು. ಅಲ್ಲಿ ಅವರಿಗೆ ಮೊದಲ ಊಟ ಹಾಕಿದವರಲ್ಲಿ ಸುಡಾನ್‌ನ ಯುವಕರೇ ಕಟ್ಟಿಕೊಂಡ ನೆರೆಹೊರೆಯ ತುರ್ತು ತಂಡಗಳೂ ಇದ್ದವು. ಕಾಳಗ ಈಗ ಕೊರ್ದೊಫಾನ್ ಪ್ರಾಂತ್ಯಕ್ಕೆ ಸರಿದಿದೆ. ಅಲ್ಲಿನ ಎಲ್ ಒಬೈದ್ ಎಲ್ ಫಾಶೆರ್‌ಗಿಂತ ದೊಡ್ಡ ಊರು. ಓಡಿಬಂದವರು ಅಲ್ಲೂ ತುಂಬಿದ್ದಾರೆ.

ಭಾರತ ಇಲ್ಲಿ ಏನು ಮಾಡಬಹುದು ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ನಮ್ಮವರು ಬಂದರಲ್ಲ, ಮುಗಿಯಿತು ಎಂದುಕೊಳ್ಳುತ್ತೇವೆ. ಅಬುಧಾಬಿ, ರಿಯಾದ್, ಕೈರೋ ಮೂರರ ಜೊತೆಗೂ ದೆಹಲಿಗೆ ಸಲೀಸಾಗಿ ಮಾತಾಡುವ ಸಲುಗೆ ಇದೆ. ಖಾರ್ಟೂಮ್ ಬಿಟ್ಟ ಮೇಲೂ ನಮ್ಮ ರಾಯಭಾರ ಕಚೇರಿ ಪೋರ್ಟ್ ಸುಡಾನ್‌ನಿಂದ ಕೆಲಸ ಮುಂದುವರಿಸಿತು. ಡಾರ್ಫುರ್‌ನಿಂದ ಸ್ವಂತ ಪ್ರಜೆಗಳನ್ನು ಹೊರತಂದ ಅನುಭವವೂ ನಮಗಿದೆ. 2028-29ರ ಅವಧಿಗೆ ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ಭಾರತ ಅಭ್ಯರ್ಥಿ. ಆ ಮತ ಕೇಳಲು ಹೋಗುವ ಮೊದಲೇ ಕೇಳಬಹುದಾದದ್ದೊಂದಿದೆ. ಮಂಡಳಿಯ ಶಸ್ತ್ರ ನಿರ್ಬಂಧ 2004ರಿಂದಲೂ ಡಾರ್ಫುರ್‌ಗೆ ಮಾತ್ರ ಅನ್ವಯಿಸುತ್ತದೆ, ಉಳಿದ ಸುಡಾನ್‌ಗೆ ಇಲ್ಲ. ಬಂದೂಕು ಪೋರ್ಟ್ ಸುಡಾನ್‌ನಲ್ಲೋ ಕೊರ್ದೊಫಾನ್‌ನಲ್ಲೋ ಇಳಿದರೆ ಅದು ನಿರ್ಬಂಧದ ಲೆಕ್ಕಕ್ಕೇ ಬರುವುದಿಲ್ಲ. ಈ ನಿರ್ಬಂಧಗಳ ವ್ಯವಸ್ಥೆ ಪ್ರತಿ ಸೆಪ್ಟೆಂಬರ್‌ನಲ್ಲಿ ನವೀಕರಣಕ್ಕೆ ಬರುತ್ತದೆ. ಅದನ್ನು ಇಡೀ ಸುಡಾನ್‌ಗೆ ವಿಸ್ತರಿಸಿ ಎಂದು ಮಂಡಳಿಯ ಹೊರಗೆ ನಿಂತೂ ಹೇಳಬಹುದು. ಎಲ್ ಒಬೈದ್‌ನಿಂದ ಜನ ಹೊರಡಲು ಯಾವ ದಾರಿ, ಯಾವ ದಿನ, ಯಾರ ಖಾತರಿ ಎಂಬ ಪ್ರಶ್ನೆಯನ್ನು ಈ ಮೂರು ರಾಜಧಾನಿಗಳಲ್ಲಿರುವ ನಮ್ಮ ರಾಯಭಾರಿಗಳು ಇವತ್ತೇ ಕೇಳಬಹುದು.